ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಅಮೆರಿಕ

ಸೇಫ್ಟಿ ಪಿನ್ ಇಲ್ಲದೆ ಮನೆ ಬಿಡಬೇಡಿ. ಶಾಲೆಗಳ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ಡ್ಯಾನ್ಸ್ ಕಲಿಸುವ ಕೆಲಸಕ್ಕೆ ಹೊಸದಾಗಿ ಬರುವ ಹೆಣ್ಣುಮಕ್ಕಳಿಗೆ ನಾನು ಹೇಳುವ ಮೊದಲ ಮಾತು ಇದು. ಹೆಜ್ಜೆ ಮರೆತ ಮಗು ಪಕ್ಕದ ಮಗುವನ್ನು ನೋಡಿ ಹೇಗೋ ಸುಧಾರಿಸಿಕೊಳ್ಳುತ್ತದೆ. ಲಂಗದ ಹುಕ್ಕು ಬಿಚ್ಚಿಹೋದ ಮಗು ಮಾತ್ರ ಎರಡು ಕೈಯಲ್ಲೂ ಸೊಂಟ ಹಿಡಿದುಕೊಂಡು, ದೀಪದ ಬೆಳಕಿಗೆ ಕಣ್ಣು ಪಿಳುಕಿಸುತ್ತ, ಹಾಡು ಮುಗಿಯುವವರೆಗೂ ಹಾಗೇ ನಿಂತಿರುತ್ತದೆ. ಆ ಮುಖವನ್ನು ಒಂದು ಸಲ ನೋಡಿದರೆ ಸಾಕು. ಆಮೇಲೆ ನಿಮ್ಮ ಸೆರಗಿನೊಳಗೆ, ಬಳೆಯಲ್ಲಿ, ತಾಳಿ ಸರದಲ್ಲಿ ಎಲ್ಲೆಲ್ಲೂ ಪಿನ್ನುಗಳೇ.

ನಾನು ಟೀಚರಾಗಿದ್ದವಳಲ್ಲ. ಯಾವ ಶಾಲೆಯ ಹಾಜರಿಯಲ್ಲೂ ನನ್ನ ಹೆಸರಿರಲಿಲ್ಲ. ಕಾನ್ವೆಂಟಿನಲ್ಲಿ ಓದಿ, ಡಿಗ್ರಿ ಮುಗಿಯುವ ಮೊದಲೇ ಮದುವೆಯಾಗಿ ತಿಪಟೂರಿಗೆ ಬಂದೆ. ನಮ್ಮ ಮನೆಯವರು ತೋಟ ನೋಡಿಕೊಳ್ಳುತ್ತಿದ್ದರು, ನಾನು ಮನೆ ನೋಡಿಕೊಳ್ಳುತ್ತಿದ್ದೆ. ಪಕ್ಕದ ಮನೆಯ ಟೀಚರೊಬ್ಬರು ಒಂದು ನವೆಂಬರಿನಲ್ಲಿ ನನ್ನನ್ನು ಅವರ ಹೆಡ್‌ಮಿಸ್ ಮುಂದೆ ನಿಲ್ಲಿಸಿ, "ಇವರು ಕಾನ್ವೆಂಟಲ್ಲಿ ಓದಿದೋರು ಕಣ್ರೀ, ಆ್ಯಕ್ಷನ್ ಸಾಂಗ್ ಎಲ್ಲಾ ಬರುತ್ತೆ" ಎಂದುಬಿಟ್ಟರು. ಒಂದನೇ ಕ್ಲಾಸಿನ ಮಕ್ಕಳಿಗೆ ಮೊಲದ ಕಿವಿ ಕಟ್ಟಿ ಕುಣಿಸಿದೆ. ಮರುವರ್ಷ ಇನ್ನೊಂದು ಶಾಲೆಯವರು ಹುಡುಕಿಕೊಂಡು ಬಂದರು. ಅಲ್ಲಿಂದ ನವೆಂಬರ್ ಬಂತೆಂದರೆ ತುರುವೇಕೆರೆ ಬಸ್ಸು, ಚಿಕ್ಕನಾಯಕನಹಳ್ಳಿ ಬಸ್ಸು, ಮಡಿಲಲ್ಲಿ ಟೇಪ್ ರೆಕಾರ್ಡರು. ಕಂಡಕ್ಟರುಗಳು ನನ್ನನ್ನು 'ಡ್ಯಾನ್ಸ್ ಮಿಸ್' ಎಂದೇ ಕರೆಯುತ್ತಿದ್ದರು. ಈಗ ಮಂಡಿ ನೋವು ಬಂದಿದೆ, ಶಾಲೆಗಳಿಗೂ ಹೊರಗಿನಿಂದ ಡ್ಯಾನ್ಸ್ ತಂಡದ ಹುಡುಗರು ಬರುತ್ತಾರೆ. ಯಾರೂ ಹಾರ ಹಾಕಿ ಕಳಿಸಲಿಲ್ಲ. ಒಂದು ನವೆಂಬರಿನಲ್ಲಿ ನಾನೇ ಬಸ್ಸು ಹತ್ತಲಿಲ್ಲ, ಅಷ್ಟೇ.

ಹಾಡು ಹಾಕುವ ವಿಧಾನವೇ ನನ್ನ ಕಣ್ಣೆದುರು ಎಷ್ಟು ಸಲ ಬದಲಾಯಿತು. ಕ್ಯಾಸೆಟ್ಟಿನ ಕಾಲದಲ್ಲಿ ಕರೆಂಟ್ ಹೋದರೆ ನಾನೇ ಪರದೆ ಹಿಂದೆ ನಿಂತು ಉಳಿದ ಚರಣ ಹಾಡುತ್ತಿದ್ದೆ. ಸಿಡಿ ಬಂದಮೇಲೆ ಇನ್ನೊಂದು ಪೇಚು. ಧೂಳು ಕೂತ ಜಾಗದಲ್ಲಿ ಹಾಡು ಸಿಕ್ಕಿಕೊಂಡರೆ ಮಕ್ಕಳೂ ಅಲ್ಲೇ ಸಿಕ್ಕಿಕೊಂಡು, ಅದೇ ಹೆಜ್ಜೆಯನ್ನು ಮತ್ತೆ ಮತ್ತೆ ಹಾಕುತ್ತ ನನ್ನ ಕಡೆ ನೋಡುತ್ತಿದ್ದವು. ಫೋನಿನಿಂದ ಹಾಡು ಹಾಕುವ ಕಾಲ ಬಂದಾಗ ಹಂದನಕೆರೆಯಲ್ಲಿ ನವಿಲಿನ ಡ್ಯಾನ್ಸು ನಡೆಯುತ್ತಿತ್ತು. ಮಧ್ಯೆ ಮನೆಯವರ ಫೋನು ಬಂತು. ಮೈಕ್‌ಸೆಟ್ಟಿನವನು ಅದನ್ನು ಕಟ್ ಮಾಡಲು ಹೋಗಿ ಎತ್ತಿಬಿಟ್ಟ. ನವಿಲುಗಳೆಲ್ಲ ಗರಿ ಬಿಚ್ಚಿ ನಿಂತಿರುವಾಗ ನಾಲ್ಕು ಸ್ಪೀಕರಿನಲ್ಲೂ ನಮ್ಮ ಮನೆಯವರ ಗಂಭೀರ ದನಿ ಕೇಳಿತು: "ಸಾರಿಗೆ ಉಪ್ಪು ಹಾಕಿದ್ಯೋ, ನಾನೇ ಹಾಕ್ಕೊಳ್ಲೋ?" ಊರಿಗೆ ಊರೇ ನಕ್ಕಿತು. ಆದ್ದರಿಂದ ಎರಡನೇ ಮಾತು: ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ.

ಆದರೆ ನಾನು ಬರೆಯಲು ಕೂತದ್ದು ಒಂಬತ್ತನೇ ಕ್ಲಾಸಿನವರ ಅಮೆರಿಕದ ಬಗ್ಗೆ. ಅದನ್ನು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ತುರುವೇಕೆರೆಯಿಂದ ಮಾಯಸಂದ್ರದ ಕಡೆ ಹೋಗುವ ದಾರಿಯಲ್ಲಿರುವ ಒಂದು ಹೈಸ್ಕೂಲು. ಆ ವರ್ಷ ಅಲ್ಲಿಯ ಸಮಾಜ ಮೇಷ್ಟರಿಗೆ ಹೊಸ ಹುರುಪು ಬಂದು, ಕ್ಲಾಸಿಗೊಂದು ನಾಡು, ನಾಡಿಗೊಂದು ಕಾಲ ಅಂತ ಚೀಟಿ ಬರೆದು ಎತ್ತಿಸಿದರು. ಎಂಟನೆಯವರಿಗೆ ಪಂಜಾಬು ಬಂತು. ಅವರಿಗೆ ಕಲಿಸುವ ಮೊದಲೇ ಕುಣಿಯಲು ಬರುತ್ತಿತ್ತು. ಒಂಬತ್ತನೆಯವರ ಪರವಾಗಿ ಚೀಟಿ ಎತ್ತಿದವನು ಕಿರಣ. ಕ್ಲಾಸನ್ನು ನಗಿಸುವುದೇ ಅವನ ಕೆಲಸ, ಗಾಳಿಗೆ ಸಿಕ್ಕಿದ ಹಾಗೆ ಓಡಾಡುವ ಹುಡುಗ. ಚೀಟಿಯಲ್ಲಿ ಇದ್ದದ್ದು ಇಷ್ಟು: 'ಎರಡನೇ ಮಹಾಯುದ್ಧದ ನಂತರದ ಅಮೆರಿಕ, ಹದಿಹರೆಯದವರ ಜೀವನ.' ಇಡೀ ಕ್ಲಾಸಿನ ಮುಖ ಸಪ್ಪಗಾಯಿತು. "ಯುದ್ಧ ಮುಗುದ್ಮ್ಯಾಲೆ ಇನ್ನೇನೈತೆ ಮಿಸ್, ಫೈಟೂ ಇಲ್ಲ" ಅಂತ ಕಿರಣ ಗೊಣಗಿದ.

ನನಗೆ ಮಾತ್ರ ಆ ಅಮೆರಿಕ ಹಳೆಯ ಪರಿಚಯ. ನಮ್ಮ ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿ ಭಾನುವಾರ ಊಟವಾದಮೇಲೆ ಓದುವ ಹೊತ್ತು ಅಂತ ಇತ್ತು. ಲೈಬ್ರರಿಯ ಕೆಳಗಿನ ಗೂಡಿನಲ್ಲಿ ಯಾರೋ ಹೊರದೇಶದಿಂದ ಕಳಿಸಿದ್ದ ಹಳೆಯ ಅಮೆರಿಕನ್ ಪತ್ರಿಕೆಗಳಿದ್ದವು. ತೇವ ಹಿಡಿದ ವಾಸನೆ, ಅಂಟಿಕೊಂಡ ಹಾಳೆಗಳು. ಅದರಲ್ಲಿ ಕೊಡೆಯ ಹಾಗೆ ಅರಳಿದ ಲಂಗದ ಹುಡುಗಿಯರು, ಕಣಕಾಲಿಗೆ ಮಡಚಿದ ಬಿಳೀ ಸಾಕ್ಸು, ತಲೆಯ ಹಿಂದೆ ಬಾತುಕೋಳಿ ಬಾಲದ ಹಾಗೆ ಕೂದಲು ಕೂಡಿಸಿದ ಹುಡುಗರು. ಕೆಲವು ಚಿತ್ರಗಳ ಮೇಲೆ ಸಿಸ್ಟರ್ ಕಂದು ಕಾಗದ ಅಂಟಿಸಿದ್ದರು. ನಾವು ಹಾಳೆಯನ್ನು ಕಿಟಕಿಗೆ ಹಿಡಿದು, ಬೆಳಕಿನಲ್ಲಿ ಆ ಕಾಗದದ ಆಚೆ ಏನಿದೆ ಅಂತ ನೋಡುತ್ತಿದ್ದೆವು. ಒಂದರಲ್ಲಿ ಹುಡುಗ ಹುಡುಗಿ ಕೈ ಹಿಡಿದು ಕುಣಿಯುತ್ತಿದ್ದರು. ಅಷ್ಟೇ.

ಮಕ್ಕಳನ್ನು ಮರದ ಕೆಳಗೆ ಕೂರಿಸಿಕೊಂಡು ನನಗೆ ಗೊತ್ತಿದ್ದದ್ದು, ಆಮೇಲೆ ಓದಿ ತಿಳಿದದ್ದು ಎಲ್ಲ ಹೇಳಿದೆ. ಅವರ ಮನೆಯಲ್ಲೆಲ್ಲ ಒಂದೇ ಫೋನು, ಅದೂ ಗೋಡೆಗೆ. ಹುಡುಗಿ ಸುರುಳಿ ವೈರನ್ನು ಎಳೆದುಕೊಂಡು ಮೆಟ್ಟಿಲ ಮೇಲೆ ಕೂತು ಪಿಸುಗುಡಬೇಕು. "ಹಂಗಾದ್ರೆ ಅವ್ರಪ್ಪಂಗೆ ಎಲ್ಲಾ ಕೇಳ್ಸದಾ?" ಎಂದ ಕಿರಣ. ಕೇಳಿಸುತ್ತಿತ್ತು, ಅದಕ್ಕೇ ಸಂಜೆ ಅಪ್ಪನ ಕಾರು ಬೇಡುತ್ತಿದ್ದರು ಎಂದೆ. ಕಾರಿನಲ್ಲೇ ಕೂತು ಬಯಲಿನಲ್ಲಿ ಸಿನಿಮಾ ನೋಡುವುದು, ಸೋಡಾ ಅಂಗಡಿಗೆ ಹೋಗುವುದು, ಅಲ್ಲಿ ಕಾಸು ಹಾಕಿದರೆ ತಾನೇ ಹಾಡುವ ಬಣ್ಣದ ಪೆಟ್ಟಿಗೆ. ಒಂದು ಲೋಟಕ್ಕೆ ಎರಡು ಸ್ಟ್ರಾ ಹಾಕಿಕೊಂಡು ಇಬ್ಬರು ಕುಡಿಯುತ್ತಿದ್ದರು ಎಂದಾಗ ಹಿಂದಿನ ಸಾಲಿನಿಂದ, "ಎಳ್ನೀರಿಗೆ ಹಾಕ್ದಂಗೆ" ಅಂತ ಯಾರೋ ಅಂದರು, ಎಲ್ಲರಿಗೂ ಅರ್ಥವಾಯಿತು.

ಮುಂದಿನ ಸಾಲಿನಲ್ಲಿ ಚಂದನಾ ಕೂತಿದ್ದಳು. ಉಗುರಿನಿಂದ ನೆಲದ ಮೇಲೆ ಗೀರುತ್ತ ಕೇಳಿಸಿಕೊಳ್ಳುವ ಹುಡುಗಿ, ತಲೆ ಎತ್ತಿದರೆ ಪ್ರಶ್ನೆ ಇದೆ ಎಂದೇ ಅರ್ಥ. "ಆ ಅಂಗ್ಡಿಗೆ ಎಲ್ಲಾ ಮಕ್ಳೂ ಹೋಗ್ಬೋದಿತ್ತಾ ಮಿಸ್?" ಇಲ್ಲ ಎಂದೆ. ಎಷ್ಟೋ ಊರುಗಳಲ್ಲಿ ಕಪ್ಪು ಮಕ್ಕಳನ್ನು ಒಳಗೆ ಕೂರಿಸುತ್ತಿರಲಿಲ್ಲ, ಅವರಿಗೆ ಶಾಲೆಯೂ ಬೇರೆ. ಆದರೆ ಆ ಪೆಟ್ಟಿಗೆಯಲ್ಲಿ ಬರುತ್ತಿದ್ದ ಹಾಡಿನ ತಾಳ ಬಹುಪಾಲು ಅವರ ಮನೆಗಳಿಂದಲೇ ಹೊರಟು ಬಂದದ್ದು. "ನಮ್ಮೂರ್ ಹೋಟ್ಲಲ್ಲೂ ಮುಂಚೆ ಬ್ಯಾರೆ ಲೋಟ ಇತ್ತಂತೆ" ಎಂದ ಒಬ್ಬ. ಯಾರೂ ನಗಲಿಲ್ಲ. ನಮ್ಮ ಡ್ಯಾನ್ಸಿನಲ್ಲಿ ಪೆಟ್ಟಿಗೆಯ ಪಕ್ಕ ಎಲ್ಲ ಬಣ್ಣದವರೂ ಇರಬೇಕು ಅಂತ ಅವರೇ ತೀರ್ಮಾನ ಮಾಡಿದರು.

ಹದಿಹರೆಯ ಅನ್ನುವುದು ಹೇಗೆ ಬಂತು ಅಂತಲೂ ಹೇಳಿದೆ. ಅದುವರೆಗೆ ಅಲ್ಲೂ ಎಷ್ಟೋ ಮಕ್ಕಳು ನಿನ್ನೆಯವರೆಗೆ ಮಕ್ಕಳು, ಇವತ್ತಿನಿಂದ ದುಡಿಯುವ ದೊಡ್ಡವರು. ಕೈಗೆ ಒಂದಿಷ್ಟು ಕಾಸು, ಸಂಜೆಗೆ ಒಂದಿಷ್ಟು ಬಿಡುವು ಸಿಕ್ಕಾಗ ನಡುವೆ ಒಂದು ವಯಸ್ಸು ಎದ್ದು ನಿಂತಿತು, ಅದಕ್ಕೆ ಅದರದೇ ಬಟ್ಟೆ, ಅದರದೇ ಹಾಡು. ಚಂದನಾ ಗೀರುವುದನ್ನು ನಿಲ್ಲಿಸಿದಳು.

"ನಮ್ಮನೇಲಿ ಆ ವಯಸ್ಸು ಇಲ್ಲ ಮಿಸ್. ಎಂಟನೇ ಕ್ಲಾಸ್ವರ್ಗೂ ಮಗು ಅಂತಿದ್ರು. ಈಗ ದೊಡ್ಡೋಳಾಗಿದ್ದೀಯ, ಮೆಲ್ಲಗೆ ನಡಿ ಅಂತಾರೆ."

ಎರಡು ದಿನ ಕಳೆದು ಅವಳ ತಾತನಿಂದ ಕರೆ ಬಂತು. ರುದ್ರಪ್ಪನವರು ಕೊಬ್ಬರಿ ವ್ಯಾಪಾರಿ, ಶಾಲೆಯ ಕಮಿಟಿಗೆ ಕಾರ್ಯದರ್ಶಿ. ಈ ಕೆಲಸದಲ್ಲಿ ಮೇಲಧಿಕಾರಿ ಎಂದರೆ ಇಂಥವರೇ. ಮನೆಗೆ ಹೊಂದಿಕೊಂಡಿದ್ದ ಅವರ ಕೊಬ್ಬರಿ ಮಂಡಿಗೆ ಹೋದಾಗ ಚೀಲಗಳ ನಡುವೆ ಕೂತು, ಉಂಡೆ ಕೊಬ್ಬರಿಯನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ, ಒಳ್ಳೆಯದನ್ನು ಒಂದು ಕಡೆ, ಕೆಟ್ಟದ್ದನ್ನು ಇನ್ನೊಂದು ಕಡೆ ಹಾಕುತ್ತಿದ್ದರು. ಹಣೆಯ ವಿಭೂತಿ ಬೆವರಿಗೆ ಸ್ವಲ್ಪವೂ ಅಳಿಸಿರಲಿಲ್ಲ. ನನಗೆ ಕುರ್ಚಿ ಹಾಕಿಸಿದರು, ಕಾಫಿ ತರಿಸಿದರು. ಆಮೇಲೆ, ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ಈ ವರ್ಷದಿಂದ ಡ್ಯಾನ್ಸ್ ಬೇಡ ಎಂದು ಕಮಿಟಿಯಲ್ಲಿ ಮಾತಾಗಿದೆ, ಪ್ರಾರ್ಥನೆ ಹಾಡಲಿ, ಬಂದವರಿಗೆ ಹೂ ಕೊಡಲಿ ಎಂದರು.

ಅವರು ಸುಮ್ಮನೆ ಹಟಕ್ಕೆ ಬಿದ್ದಿರಲಿಲ್ಲ. ಹಿಂದಿನ ವರ್ಷ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಡ್ಯಾನ್ಸನ್ನು ಯಾರೋ ಫೋನಿನಲ್ಲಿ ಹಿಡಿದು, ಕೆಟ್ಟ ಮಾತು ಸೇರಿಸಿ ಊರೆಲ್ಲ ಹಂಚಿದ್ದರು. ಆ ಹುಡುಗಿ ಪರೀಕ್ಷೆಗೆ ಬರಲೂ ಹಿಂದೆಗೆದಿದ್ದಳು. "ನಿಮ್ಮ ಕಾಲ ಬ್ಯಾರೆ ಕಣಮ್ಮ, ನೋಡ್ದೋರು ನೋಡಿ ಮರೀತಿದ್ರು. ಈಗ ಮರಿಯೋದೇ ಇಲ್ಲ ಯಾರೂ" ಎಂದರು. ಕೆಟ್ಟ ಮಾತು ಬರೆದವನು ಈ ವರ್ಷವೂ ಮುಂದಿನ ಸಾಲಿನಲ್ಲೇ ಕೂರುತ್ತಾನೆ, ಹುಡುಗಿಯರನ್ನು ಮಾತ್ರ ಯಾಕೆ ಇಳಿಸಬೇಕು ಎಂದು ಮೆಲ್ಲಗೆ ಕೇಳಿದೆ. ಕಾಫಿ ಲೋಟ ತೆಗೆದುಕೊಂಡು ಹೋಗಲು ಬಂದ ಚಂದನಾ, ಲೋಟ ತೆಗೆದುಕೊಳ್ಳದೆ ಬಾಗಿಲ ಸಂದಿಯಲ್ಲೇ ನಿಂತಿದ್ದಳು. ರುದ್ರಪ್ಪನವರು ಇನ್ನೊಂದು ಕೊಬ್ಬರಿ ತಟ್ಟಿದರು, ಸದ್ದು ಕೇಳಿದರು, ಯಾವ ಕಡೆಗೂ ಹಾಕದೆ ಕೈಯಲ್ಲೇ ಇಟ್ಟುಕೊಂಡರು.

"ಈ ಒಂದ್ ವರ್ಷ ನೋಡಣ. ಹುಡುಗ್ರು ಹುಡುಗೀರು ಕೈ ಕೈ ಹಿಡೀಬಾರ್ದು. ಏನಾರ ಎಡವಟ್ಟಾಯ್ತಾ, ಹೆಣ್ಮಕ್ಕಳ ಡ್ಯಾನ್ಸು ಇದೇ ಕೊನೆ. ನಮ್ಮ ಮಗೂದೂ ಸೇರಿ."

ಬಸ್ ಸ್ಟಾಪಿನವರೆಗೆ ಚಂದನಾ ನನ್ನ ಜೊತೆ ಬಂದಳು. ಬಸ್ಸು ಕಾಣಿಸಿದಾಗ, "ಎಡವಟ್ಟಾಗಲ್ಲ ಅಲ್ವಾ ಮಿಸ್?" ಎಂದಳು. ಆಗುವುದಿಲ್ಲ ಎಂದು ಹೇಳಿ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಕೂತು, ಕೈ ಹಿಡಿಯದೆ ಕುಣಿಯುವ ಅಮೆರಿಕವನ್ನು ಎಲ್ಲಿಂದ ತರಲಿ ಎಂದು ಯೋಚಿಸಿದೆ. ಅವರ ಕುಣಿತವೆಲ್ಲ ಕೈಯಲ್ಲೇ ಇತ್ತು. ಎಳೆಯುವುದು, ತಿರುಗಿಸುವುದು, ಬಿಟ್ಟು ಮತ್ತೆ ಹಿಡಿಯುವುದು.

ತಿಪಟೂರು ತಲುಪುವಷ್ಟರಲ್ಲಿ ದಾರಿ ಸಿಕ್ಕಿತು. ನಮ್ಮ ಜಡೆ ಕೋಲಾಟ ನೋಡಿದವರಿಗೆ ಗೊತ್ತು, ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗ ಒಬ್ಬೊಬ್ಬರ ಕೈಯಲ್ಲೂ ಇರುತ್ತದೆ, ಒಬ್ಬರನ್ನೊಬ್ಬರು ಮುಟ್ಟದೆ ಸುತ್ತಿ, ಬಳಸಿ, ಜಾಗ ಬದಲಾಯಿಸುತ್ತ ಹಗ್ಗಗಳನ್ನು ಜಡೆಯಾಗಿ ಹೆಣೆಯುತ್ತಾರೆ, ಮತ್ತೆ ಬಿಚ್ಚುತ್ತಾರೆ. ಹುಡುಗನಿಗೂ ಹುಡುಗಿಗೂ ನಡುವೆ ಒಂದೊಂದು ಬಣ್ಣದ ಕರ್ಚೀಫು ಕೊಟ್ಟೆ. ತುದಿಗಳನ್ನು ಹಿಡಿದು ಎಳೆಯಿರಿ, ಕೆಳಗಿನಿಂದ ನುಸುಳಿ, ತಿರುಗಿ. ಹೆಜ್ಜೆ ಕೋಲಾಟದ್ದು, ಹಾಡು ಗಿಟಾರಿನದು. ಎರಡೂ ಒಂದಕ್ಕೊಂದು ಎಷ್ಟು ಚೆನ್ನಾಗಿ ಕೂಡಿದವೆಂದರೆ ಮೊದಲ ದಿನ ನಾನೇ ಮಕ್ಕಳ ನಡುವೆ ಹೋಗಿ ಎರಡು ಸುತ್ತು ಹಾಕಿಬಿಟ್ಟೆ.

ಆಮೇಲೆ ಲಂಗ. ಹಳೆಯ ಬೆಡ್‌ಶೀಟು, ಕಿಟಕಿ ಪರದೆ, ತಾಯಂದಿರ ಸೀರೆ ಎಲ್ಲ ಬಂದವು. ಕೊಡೆಯ ಹಾಗೆ ಅರಳಲು ಒಳಲಂಗಕ್ಕೆ ಅನ್ನದ ಗಂಜಿ ಹಾಕಿ ಒಣಗಿಸಿದೆವು. ಗಂಜಿಗೆ ಇರುವೆ ಮುತ್ತಿ, ಪ್ರಾಕ್ಟೀಸಿನಲ್ಲಿ ಹುಡುಗಿಯರು ನಾನು ಕಲಿಸದ ಹೆಜ್ಜೆಗಳನ್ನೆಲ್ಲ ಹಾಕಿದರು. ಗಂಜಿ ಬಿಟ್ಟು ಹಳೆಯ ಸೊಳ್ಳೆಪರದೆ ಕತ್ತರಿಸಿ ಪದರ ಪದರ ಹೊಲಿದೆವು, ಲಂಗ ಗರಗರ ತಿರುಗಿತು. ಅಲ್ಲಿನ ಹುಡುಗಿಯರು ಲಂಗದ ಅಂಚಿಗೆ ನಾಯಿಯ ಚಿತ್ರ ಹೊಲಿದುಕೊಳ್ಳುತ್ತಿದ್ದರು ಎಂದಾಗ, ನಾಯಿ ಯಾಕೆ ಅಂತ ಇವರಿಗೆ ಅರ್ಥವಾಗಲಿಲ್ಲ. ಚಂದನಾ ತನ್ನ ಲಂಗಕ್ಕೆ ಅಳಿಲು ಹೊಲಿದಳು. ಎಳೆಗಾಯಿ ಕೊರೆದು ಹಾಳುಮಾಡುವ ಅಳಿಲನ್ನು ಕಂಡರೆ ಅವರ ಮನೆಯಲ್ಲಿ ಯಾರಿಗೂ ಆಗುವುದಿಲ್ಲ, ಅದಕ್ಕೇ ಹೊಲಿದದ್ದು ಅನಿಸುತ್ತದೆ.

ಅಲ್ಲಿಯ ಶಾಲೆಗಳಲ್ಲಿ ಆಟದ ಹಾಲಿನ ಮರದ ನೆಲಕ್ಕೆ ಗೀರು ಬೀಳಬಾರದು ಅಂತ ಬೂಟು ಬಿಚ್ಚಿಸಿ, ಬರೀ ಸಾಕ್ಸಿನಲ್ಲಿ ಕುಣಿಸುತ್ತಿದ್ದರಂತೆ. ಇದು ಮಕ್ಕಳಿಗೆ ಬಹಳ ಹಿಡಿಸಿತು. ನಮ್ಮ ಸ್ಟೇಜಿಗೆ ಜಮಖಾನ ಬೇಡ, ಬರೀ ಹಲಗೆ ಇರಲಿ, ಜಾರುವುದಕ್ಕೆ ಚೆನ್ನಾಗಿರುತ್ತದೆ ಎಂದು ನಾನೇ ಹೇಳಿದೆ.

ಉಳಿದದ್ದು ಹುಡುಗರ ತಲೆ. ಅಂಗಡಿಯ ಜೆಲ್ ತಂದರು. ಒಬ್ಬನಿಗೆ ಹಣೆಯೆಲ್ಲ ನವೆ, ಇನ್ನೊಬ್ಬನ ತಲೆಯಲ್ಲಿ ಜೆಲ್ ಒಣಗಿ ಪುಡಿಪುಡಿ ಉದುರಿತು. ಮರುದಿನ ಕಿರಣ ಬಂದ. ಬಾತುಕೋಳಿ ಬಾಲ ಅಂದರೆ ಬಾತುಕೋಳಿ ಬಾಲ. ಮುಂದೆ ಗೋಪುರ, ಪಕ್ಕದಲ್ಲಿ ಹೊಳಪು, ಹಿಂದೆ ಬಾಚಣಿಗೆಯ ಗೆರೆ ಒಂದೊಂದೂ ಎಣಿಸುವ ಹಾಗೆ. ಏನು ಹಚ್ಚಿದೆ ಎಂದರೆ, "ಕೊಬ್ರಿ ಎಣ್ಣೆ ಮಿಸ್" ಎಂದ. ಧನುರ್ಮಾಸದ ಚಳಿ, ಬಾಟಲಿಯಲ್ಲಿ ಎಣ್ಣೆ ತುಪ್ಪದ ಹಾಗೆ ಗಟ್ಟಿಯಾಗಿತ್ತು. ಸ್ಪೂನಿನಲ್ಲಿ ಬಗೆದು ತೆಗೆದು ಹಾಗೇ ಮೆತ್ತಿಕೊಂಡಿದ್ದ. ಎಣ್ಣೆಗೆ ನಮ್ಮ ಕಡೆ ಬರವೇ? ಮಾರನೇ ದಿನ ಎಲ್ಲ ಹುಡುಗರೂ ಅದೇ ಅವತಾರದಲ್ಲಿ ಬಂದರು. ಸಂಜೆ ಸ್ಪೆಷಲ್ ಕ್ಲಾಸ್ ಇರುತ್ತಿದ್ದರಿಂದ ನಮ್ಮ ಪ್ರಾಕ್ಟೀಸೆಲ್ಲ ಬೆಳಗಿನ ಚಳಿಯಲ್ಲೇ. ಅವರು ಎಷ್ಟು ಕುಣಿದರೂ ಒಂದು ಕೂದಲೂ ಅಲುಗುತ್ತಿರಲಿಲ್ಲ. ಹೆಡ್‌ಮಿಸ್ ಬಂದು ಕಿರಣನ ಗೋಪುರವನ್ನು ಬೆರಳಿನಿಂದ ಮುಟ್ಟಿ ನೋಡಿ, ಅಮೆರಿಕದವರಿಗೆ ಇದು ಗೊತ್ತಿತ್ತೋ ಇಲ್ಲವೋ ಎಂದು ಹೆಮ್ಮೆಪಟ್ಟರು. ಎಣ್ಣೆಯೊಳಗೇ ಹುಟ್ಟಿ ಬೆಳೆದ ನಮಗೆ, ಅದು ಕರಗುತ್ತದೆ ಅನ್ನುವುದು ಒಬ್ಬರಿಗೂ ನೆನಪಾಗಲಿಲ್ಲ.

ವಾರ್ಷಿಕೋತ್ಸವದ ಸಂಜೆ. ಮೈದಾನದ ತುದಿಯಲ್ಲಿ ಸ್ಟೇಜು, ಹಲಗೆಗಳು ರುದ್ರಪ್ಪನವರ ಮಂಡಿಯವು. ಆ ವರ್ಷ ಮೈಕ್‌ಸೆಟ್ಟಿನವನು ಹೊಸದಾಗಿ ದೊಡ್ಡ ದೊಡ್ಡ ಫೋಕಸ್ ಲೈಟು ತಂದಿದ್ದ, ಅದರ ಮುಂದೆ ಕೈಯೊಡ್ಡಿದರೆ ಒಲೆಯ ಮುಂದೆ ಒಡ್ಡಿದ ಹಾಗೆ. ಮುಖ್ಯ ಅತಿಥಿ ತಡವಾಗಿ ಬಂದರು, ಬಂದವರು ಬಹಳ ಮಾತಾಡಿದರು. ನಮ್ಮ ಹುಡುಗರು ಪರದೆಯ ಹಿಂದೆ, ಲೈಟಿನ ಪಕ್ಕದಲ್ಲೇ, ತಲೆ ಹಾಳಾಗಬಾರದೆಂದು ಕತ್ತು ನೆಟ್ಟಗೆ ಮಾಡಿಕೊಂಡು ಸಾಲಾಗಿ ನಿಂತಿದ್ದರು. ಚಂದನಾ ಪರದೆಯ ಸಂದಿಯಿಂದ ಮೊದಲ ಸಾಲು ನೋಡಿದಳು. ಅಲ್ಲಿ ಅವಳ ತಾತ ಕೂತಿದ್ದರು, ಪಕ್ಕದಲ್ಲಿ ಇಡೀ ಕಮಿಟಿ. ಹಿಂದೆ ಕತ್ತಲಲ್ಲಿ ಹತ್ತಾರು ಫೋನುಗಳು ಮಿಣುಕುತ್ತಿದ್ದವು. ಅವಳು ಕರ್ಚೀಫನ್ನು ಬಿಗಿಯಾಗಿ ಬೆರಳಿಗೆ ಸುತ್ತಿಕೊಂಡಳು.

ಪರದೆ ಸರಿಯಿತು. ರಟ್ಟಿನ ಹಾಡುಪೆಟ್ಟಿಗೆಯ ಸೀರಿಯಲ್ ಬಲ್ಬುಗಳು ಹತ್ತಿಕೊಂಡವು, ಡ್ರಮ್ಮು ಬಡಿಯಿತು, ಲಂಗಗಳು ಒಟ್ಟಿಗೇ ಅರಳಿದವು. ಜನ ಹೋ ಎಂದರು. ಕರ್ಚೀಫಿನ ಕೆಳಗೆ ನುಸುಳುವುದು, ತಿರುಗುವುದು, ಸಾಕ್ಸಿನಲ್ಲಿ ಸರ್ರನೆ ಜಾರಿ ಎದುರು ಜಾಗಕ್ಕೆ ಹೋಗಿ ನಿಲ್ಲುವುದು, ಎಲ್ಲವೂ ಗೆರೆ ಎಳೆದಂತೆ. ನಾನು ಪರದೆಯ ಪಕ್ಕ ನಿಂತು ಬಾಯಲ್ಲೇ ತಾಳ ಹಾಕುತ್ತಿದ್ದೆ. ಇಷ್ಟು ವರ್ಷದ ಕೆಲಸದಲ್ಲಿ ಅಂಥ ಕುಣಿತ ನಾನು ಕಲಿಸಿರಲಿಲ್ಲ.

ಮೊದಲು ಕಂಡದ್ದು ಕಿರಣನ ಕಿವಿಯ ಪಕ್ಕ ಇಳಿದ ಒಂದು ಹೊಳೆಯುವ ಗೆರೆ. ಬೆವರು ಅಂದುಕೊಂಡೆ. ಅಷ್ಟರಲ್ಲಿ ಅವನ ಗೋಪುರ ಒಂದು ಕಡೆಗೆ ವಾಲಿತು, ಆಮೇಲೆ ಹಣೆಯ ಮೇಲೆ ಮಲಗಿತು. ಎಲ್ಲ ಹುಡುಗರ ತಲೆಯಿಂದಲೂ ಎಣ್ಣೆ ಇಳಿಯತೊಡಗಿತು. ಕಣ್ಣಿಗೆ ಹೋದದ್ದನ್ನು ಒರೆಸಿಕೊಂಡು ಕೈ ಕೊಡವಿದರು, ತಿರುಗುವಾಗ ತಲೆ ಕೊಡವಿದರು. ಹಲಗೆಯ ಮೇಲೆಲ್ಲ ಹನಿ. ಮೊದಲ ಸಾಲಿನಲ್ಲಿ ಯಾರೋ ಮೂಗೆತ್ತಿ ವಾಸನೆ ನೋಡಿದ್ದು ನನಗೆ ಕಂಡಿತು. ಹಾಡು ಓಡುತ್ತಿತ್ತು, ನಡುವೆ ನಿಲ್ಲಿಸುವಂತಿರಲಿಲ್ಲ.

ಕಿರಣ ಸರ್ರನೆ ಜಾರಿ ಎದುರು ಜಾಗಕ್ಕೆ ಹೋಗಬೇಕಿತ್ತು. ಹೋದ, ಆದರೆ ನಿಲ್ಲಲಿಲ್ಲ. ಎಣ್ಣೆಯ ಮೇಲೆ ಸಾಕ್ಸು ಅವನನ್ನು ಹಾಗೇ ಸ್ಟೇಜಿನ ಅಂಚಿಗೆ ಒಯ್ಯುತ್ತಿತ್ತು, ಕೆಳಗೆ ಕಲ್ಲಿನ ಚಪ್ಪಡಿ. ಕರ್ಚೀಫು ಜಾರಿ ಬಿತ್ತು. ಚಂದನಾ ಕೈ ಚಾಚಿ ಅವನ ಮಣಿಕಟ್ಟು ಹಿಡಿದಳು. ಹಿಡಿದಮೇಲೆ ತಾತನ ಕಡೆ ನೋಡಿದಳು. ನೋಡಿದಮೇಲೂ ಬಿಡಲಿಲ್ಲ. ಹಿಂದಕ್ಕೆ ಎಳೆದಳು, ಅವನು ಬಂದ ವೇಗಕ್ಕೆ ಅವಳ ಸುತ್ತ ಒಂದು ಸುತ್ತು ತಿರುಗಿದ. ಅವಳ ಲಂಗ ತಟ್ಟೆಯ ಹಾಗೆ ಅರಳಿತು. ತಾಳ ತಪ್ಪಿರಲಿಲ್ಲ.

ಉಳಿದ ಜೋಡಿಗಳೂ ಜಾರುತ್ತಿದ್ದವು. ಅವರೂ ಕರ್ಚೀಫು ಬಿಟ್ಟು ಒಬ್ಬರ ಕೈ ಒಬ್ಬರು ಹಿಡಿದರು. ಹಿಡಿದವರು ಬೀಳಲಿಲ್ಲ, ತಿರುಗಿದರು. ನಾನು ಹಾಸ್ಟೆಲ್ಲಿನ ಕಿಟಕಿಗೆ ಹಾಳೆ ಹಿಡಿದು ನೋಡಿದ್ದ ಕುಣಿತ ಅದೇ. ಕಲಿಸದೆಯೇ ಬಂದಿತ್ತು. ಜಾರುವುದೂ ಡ್ಯಾನ್ಸಿನ ಭಾಗವೆಂದು ಜನ ತಿಳಿದು ಶಿಳ್ಳೆ ಹಾಕಿದರು, ಒನ್ಸ್ ಮೋರ್ ಎಂದು ಕೂಗಿದರು. ರುದ್ರಪ್ಪನವರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು. ಬಹುಮಾನ ಹಂಚುವ ಹೊತ್ತಿಗೆ ಅವರ ಕುರ್ಚಿ ಖಾಲಿಯಾಗಿತ್ತು.

ಮಾರನೇ ಬೆಳಗ್ಗೆ ಮೊದಲ ಬಸ್ಸಿಗೇ ಹೋದೆ. ಎಡವಟ್ಟಾಗುವುದಿಲ್ಲ ಎಂದು ಮಾತು ಕೊಟ್ಟಿದ್ದೆನಲ್ಲ. ಮಕ್ಕಳು ನನಗಿಂತ ಮೊದಲೇ ಬಂದು, ಬಿಸಿನೀರು, ಸೀಗೆಪುಡಿ ಹಾಕಿ ಹಲಗೆ ಉಜ್ಜುತ್ತಿದ್ದರು. ಕಿರಣ ತಲೆಗೂ ಅದನ್ನೇ ಉಜ್ಜಿಕೊಂಡಂತಿತ್ತು, ಕೂದಲು ಹುಲ್ಲಿನ ಹಾಗೆ ಎದ್ದಿತ್ತು. ಚಂದನಾ ಮಾತ್ರ ಒಂದೇ ಜಾಗವನ್ನು ಉಜ್ಜುತ್ತಲೇ ಇದ್ದಳು. ರಾತ್ರಿ ಮನೆಯಲ್ಲಿ ತಾತ ಏನಾದರೂ ಅಂದರಾ ಎಂದು ಕೇಳಿದೆ. ಏನೂ ಅನ್ನಲಿಲ್ಲ, ಊಟ ಮಾಡಿ ಮಲಗಿದರು ಎಂದಳು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ನನಗೆ.

ಹಲಗೆ ಒಯ್ಯಲು ಟೆಂಪೋ ಬಂತು, ಹಿಂದೆಯೇ ರುದ್ರಪ್ಪನವರು. ಸ್ಟೇಜಿನ ಹತ್ತಿರ ನಿಂತು ಹಲಗೆಯ ಮೇಲೆ ಬೆರಳಾಡಿಸಿದರು, ಮೂಗಿನ ಹತ್ತಿರ ಹಿಡಿದು ನೋಡಿದರು. "ಗಾಣದ್ದು" ಎಂದರು, ತಮಗೇ ಹೇಳಿಕೊಂಡಂತೆ. ಹೌದು ಎಂದು ಕಿರಣ ಹಿಂದಕ್ಕೆ ಸರಿದ. ನಾನು, ಇದರಲ್ಲಿ ಮಗುವಿನದು ಏನೂ ಇಲ್ಲ ಎಂದು ಬಾಯಿ ತೆಗೆಯುವಷ್ಟರಲ್ಲಿ ಅವರು ಮೊಮ್ಮಗಳ ಕಡೆ ತಿರುಗಿದ್ದರು.

"ವಿಡಿಯೋ ಫೋನ್‌ಗೆ ಬಂದದೆ, ನೋಡ್ದೆ. ಯಾಕೆ ಹಿಡಿದೆ?"

"ಬೀಳ್ತಿದ್ದ ತಾತ."

"ನಾನು ಹೇಳಿದ್ದು ನೆನಪಿತ್ತಾ?"

"ಇತ್ತು." ಅವಳು ಬ್ರಷ್ಷನ್ನು ಬಕೆಟ್ಟಿನಲ್ಲಿಟ್ಟಳು. "ಮುಂದಕ್ಕೂ ಯಾರಾದ್ರೂ ಬೀಳೋ ಹಂಗಾದ್ರೆ ಹಿಡೀತೀನಿ. ಅದಕ್ಕೆ ಡ್ಯಾನ್ಸು ಬ್ಯಾಡ ಅಂದ್ರೆ ಬ್ಯಾಡ ಅನ್ನಿ."

ರುದ್ರಪ್ಪನವರು ಚಪ್ಪಲಿ ಕಳಚಿಟ್ಟು, ಪಂಚೆ ಎತ್ತಿ ಹಿಡಿದು, ಸ್ಟೇಜು ಹತ್ತಿದರು. ರಾತ್ರಿ ಕಿರಣ ಜಾರಿದ ಜಾಗ ಯಾವುದು ಎಂದು ಕೇಳಿ, ಅಲ್ಲಿಂದ ಅಂಚು ಎಷ್ಟು ದೂರವಿದೆ ನೋಡಲು ಹೆಜ್ಜೆಯಿಟ್ಟರು. ಅಲ್ಲಿ ಇನ್ನೂ ಎಣ್ಣೆ ಹೋಗಿರಲಿಲ್ಲ. ಕಾಲು ಮುಂದೆ ಹೋಯಿತು, ಮೈ ಹಿಂದೆ ಉಳಿಯಿತು. ಪಂಚೆ ಬಿಟ್ಟು ಅವರು ಹತ್ತಿರ ಸಿಕ್ಕಿದ ಕೈ ಹಿಡಿದರು. ಅದು ಕಿರಣನದು. ಇನ್ನೊಂದು ಕಡೆಯಿಂದ ಚಂದನಾ ತೋಳು ಹಿಡಿದಿದ್ದಳು. ಮೂವರೂ ಒಂದು ಗೇಣು ಜಾರಿ, ಅಂಚಿಗೆ ಬಂದು ನಿಂತರು.

ಯಾರೂ ನಗಲಿಲ್ಲ. ನಗು ತಡೆಯಲಾಗದೆ ನಾನು ಸೆರಗನ್ನು ಬಾಯಿಗೆ ಹಿಡಿದೆ. ರುದ್ರಪ್ಪನವರು ಉಸಿರು ತಂದುಕೊಂಡು, ಕೆಳಗಿನ ಚಪ್ಪಡಿಯನ್ನು ಬಹಳ ಹೊತ್ತು ನೋಡಿದರು. ಹುಡುಗನ ಕೈಯನ್ನು ಬಿಟ್ಟಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ವ್ಯಾಪಾರದ ಮಾತಾಡುವ ದನಿಯಲ್ಲೇ ಹೇಳಿದರು:

"ಸ್ಟೇಜು ಚಿಕ್ದಾಯ್ತು ಕಣಮ್ಮ. ಬರೋ ವರ್ಷಕ್ಕೆ ಅಗಲ ಮಾಡ್ಸಣ. ಎಷ್ಟು ಬೇಕಾಯ್ತದೆ, ಈಗ್ಲೇ ಹೇಳ್ಬುಡಿ."

ಚಂದನಾ ಆಗಲೇ ತಾತನ ತೋಳು ಬಿಟ್ಟು, ಬರಿಗಾಲಲ್ಲಿ, 'ಮೆಲ್ಲಗೆ ನಡಿ' ಎಂದು ಯಾರೂ ಹೇಳದಿದ್ದರಿಂದ ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತ, ಅಂಚಿನಿಂದಾಚೆ ಮೈದಾನಕ್ಕೆ ಇಳಿದು ಅಳೆಯುತ್ತಿದ್ದಳು.